ತೇಪೆಯಿಲ್ಲದ ಹರಿಗೋಲು

ಫಾಲ್ಗುಣ ಬಹುಳ ತದಿಗೆ, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ.

"ಅಜ್ಜನವರೇ, ಒಂದು ಬಿರುಕನ್ನು ಯಾರಿಗೂ ಕಾಣದಂತೆ ತುಂಬಿ ಸಮಮಾಡಿದ ಮೇಲೆ, ಅಲ್ಲಿ ಬಿರುಕಿತ್ತೆಂದು ಹೇಳಲೇಬೇಕೆ?"

ಪಂಪಾವತಿ ಈ ಪ್ರಶ್ನೆಯನ್ನು ಎರಡು ದಿನ ತಿದ್ದಿ ತೀಡಿ ಸಿದ್ಧಪಡಿಸಿಕೊಂಡಿದ್ದಳು. ಕೇಳಿದವರಿಗೆ ಅದು ಮನಸ್ಸಿನ ಮಾತೆಂದು ತೋರಬೇಕು, ತೊಗಲಿನ ಮಾತೆಂದು ತೋರಬಾರದು. ಪಡಸಾಲೆಯಲ್ಲಿ ಮಠದ ಸ್ವಾಮಿಗಳಾದ ಅಜ್ಜನವರು ಮತ್ತು ಅವಳು ಇಬ್ಬರೇ ಇದ್ದರು. ಅವಳು ಬಲಗೈಯ ಹೆಬ್ಬೆರಳನ್ನು ಸೆರಗಿನೊಳಗೆ ಮಡಿಸಿಟ್ಟುಕೊಂಡಿದ್ದಳು. ಸೀಗೆಪುಡಿ ಹಾಕಿ ಮೂರು ಸಲ ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ.

ಅವಳು ಇಪ್ಪತ್ತೆರಡು ವರ್ಷದಿಂದ ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದಳು. ಆ ಇಪ್ಪತ್ತೆರಡು ವರ್ಷದಲ್ಲಿ ಒಂದು ಹಿಡಿ ಬೇಳೆಗೆ ಹುಳು ಬಿದ್ದಿರಲಿಲ್ಲ, ಒಂದು ಕೊಡಕ್ಕೆ ಕಿಲುಬು ಹತ್ತಿರಲಿಲ್ಲ. ಹೋದ ಕಾರ್ತಿಕದಲ್ಲಿ ಅಡುಗೆಯ ಗವಿಸಿದ್ದಪ್ಪ ನಾಲ್ಕು ಚಾಪೆಗಳನ್ನು ಗೆದ್ದಲಿಗೆ ಬಿಟ್ಟುಕೊಟ್ಟಾಗ ಊಟದ ಪಂಕ್ತಿಯ ನಡುವೆ ನಿಂತು ಅವಳು ಅಂದಿದ್ದಳು: "ಚಾಪೆಯನ್ನು ಕಾಯಲಾರದವನು ಮನಸ್ಸನ್ನು ಹೇಗೆ ಕಾಯುತ್ತಾನೆ?" ಪಂಕ್ತಿಯೆಲ್ಲ ನಕ್ಕಿತು. ಗವಿಸಿದ್ದಪ್ಪನೂ ನಕ್ಕ. ಆದರೆ ಅಂದು ಅವನು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಮೊನ್ನೆ ಶನಿವಾರ ಅವಳು ಬಾವಿಯ ಪಟ್ಟಿಯನ್ನು ಗೂಟದಿಂದ ಇಳಿಸಿದಳು. ಅದು ದಪ್ಪನೆಯ ಎಮ್ಮೆತೊಗಲಿನ ಪಟ್ಟಿ. ಬಾವಿಗೆ ಇಳಿಯುವವನು ಅದನ್ನು ಸೊಂಟಕ್ಕೂ ತೊಡೆಗಳಿಗೂ ಬಿಗಿದುಕೊಳ್ಳುತ್ತಾನೆ. ಪಟ್ಟಿಯ ಕಬ್ಬಿಣದ ಕಡಗಕ್ಕೆ ಹಗ್ಗ ಕಟ್ಟುತ್ತಾರೆ. ಮೇಲೆ ನಿಂತ ನಾಲ್ವರು ಹಗ್ಗವನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾರೆ. ಮಳೆಗಾಲ ಕಳೆದ ಮೇಲೆ ಪಟ್ಟಿಗೆ ಎಣ್ಣೆ ಉಣಿಸಬೇಕು. ಈ ವರ್ಷ ಅವಳು ಮರೆತಿದ್ದಳು. ಕಡಗದ ಬಳಿ, ಪಟ್ಟಿ ಮಡಿಸಿದ ಜಾಗದಲ್ಲಿ, ತೊಗಲು ಅಡ್ಡಡ್ಡಲಾಗಿ ಬಿರಿದಿತ್ತು. ಬಿರುಕಿನೊಳಗೆ ಉಗುರು ಇಳಿಯಿತು.

ಚರ್ಮದ ಕೆಲಸ ಬಲ್ಲವನು ಎರಡು ಹರದಾರಿ ದೂರದ ಊರಿನಲ್ಲಿದ್ದ. ಅವನ ಬಳಿಗೆ ಪಟ್ಟಿಯನ್ನು ಕಳಿಸಬೇಕಾದರೆ ಗವಿಸಿದ್ದಪ್ಪನ ಕೈಯಲ್ಲೇ ಕಳಿಸಬೇಕು. ಅವಳು ಕೋಣೆಯ ಅಗುಳಿ ಹಾಕಿದಳು. ಹಳೆಯ ಚಪ್ಪಲಿಯ ಅಂಚನ್ನು ಕೆರೆದು ತೊಗಲಿನ ಪುಡಿ ಮಾಡಿದಳು. ರಾಳ, ಜೇನುಮೇಣ ಕರಗಿಸಿ ಅದರಲ್ಲಿ ಪುಡಿಯನ್ನು ಕಲಸಿದಳು. ಹೆಬ್ಬೆರಳಿನಿಂದ ಬಿರುಕಿಗೆ ಒತ್ತಿ, ಆರಿದ ಮೇಲೆ ಹೆರೆದು, ದೀಪದ ಕಾಡಿಗೆ ತೀಡಿದಳು. ಪಟ್ಟಿ ಹೊಸದರಂತಾಯಿತು. ಎರಡು ಕೊಡ ನೀರನ್ನು ಅದಕ್ಕೆ ತೂಗುಹಾಕಿದಳು. ತಡೆಯಿತು. 

ಇಂದು ಹನ್ನೊಂದು ಗಂಟೆಗೆ, ಬಿಸಿಲು ಬಾವಿಯ ತಳ ಮುಟ್ಟುವ ಹೊತ್ತಿಗೆ, ಹೂಳೆತ್ತುವ ಹುಲುಗಪ್ಪ ಆ ಪಟ್ಟಿ ಕಟ್ಟಿಕೊಂಡು ಹತ್ತಾಳು ಆಳಕ್ಕೆ ಇಳಿಯುವವನಿದ್ದ.

ಅಜ್ಜನವರು ಕಣ್ಣು ತೆರೆದು ಅವಳನ್ನು ನೋಡಿದರು. "ಪ್ರಶ್ನೆ ಬಹಳ ನುಣುಪಾಗಿದೆ, ತಂಗೀ" ಎಂದರು. ಆಮೇಲೆ ಕತೆ ಹೇಳತೊಡಗಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗಿತ್ತಿಯಿದ್ದಳು. ಅವಳದು ಬಿದಿರು ಹೆಣೆದು ಎಮ್ಮೆಯ ತೊಗಲು ಹೊದಿಸಿದ ಹರಿಗೋಲು. ಆ ಕಡವಿನಲ್ಲಿ ಏಳು ಹರಿಗೋಲುಗಳಿದ್ದವು. ಆರಕ್ಕೆ ತೇಪೆಗಳಿದ್ದವು, ಅವಳದಕ್ಕೆ ಒಂದೂ ಇರಲಿಲ್ಲ. ಉಳಿದ ಅಂಬಿಗರು ದಡದಲ್ಲಿ ಕುಳಿತು ಬೀಡಿ ಸೇದುವಾಗ ಅವಳು ತನ್ನ ಹರಿಗೋಲನ್ನು ಬೋರಲು ಹಾಕಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. "ನಮ್ಮವು ದೋಣಿಗಳು, ಅವಳದು ಮಗಳು" ಎಂದು ಅವರು ಆಡಿಕೊಳ್ಳುತ್ತಿದ್ದರು. ಅವಳಿಗೆ ಆ ಮಾತು ಹಿತವಾಗಿತ್ತು.

ಕಡವಿನಲ್ಲಿ ಒಂದು ಕಟ್ಟಳೆಯಿತ್ತು. ತೊಗಲು ಹರಿದರೆ ತೇಪೆಯನ್ನು ಬಿಳಿಯ ದಾರದಿಂದಲೇ ಹೊಲಿಯಬೇಕು. ಕರಿಯ ತೊಗಲಿನ ಮೇಲೆ ಬಿಳಿಯ ದಾರ ಎಷ್ಟು ದೂರದಿಂದಲೂ ಕಾಣಬೇಕು. ಹೊಸ ತೇಪೆ ಬಿದ್ದ ಹರಿಗೋಲು ಒಂದು ಮಳೆಗಾಲ ಕಳೆಯುವವರೆಗೆ ಅರ್ಧ ಜನರನ್ನು ಮಾತ್ರ ಹೊರಬೇಕು. ಹೊಳೆಗೆ ಓದು ಬರಹ ತಿಳಿಯದು, ಜನರಿಗೂ ತಿಳಿಯದು. ಬಿಳಿಯ ದಾರವನ್ನು ಮಾತ್ರ ಎಲ್ಲರೂ ಓದುತ್ತಿದ್ದರು.

ಒಂದು ಬೇಸಗೆಯಲ್ಲಿ ಅಂಬಿಗಿತ್ತಿ ತಂಗಿಯ ಬಾಣಂತನಕ್ಕೆಂದು ಬೇರೆ ಊರಿಗೆ ಹೋದಳು. ಹರಿಗೋಲು ಬಿಸಿಲಿನಲ್ಲಿ ಉಳಿಯಿತು. ತಿರುಗಿ ಬಂದು ನೋಡಿದರೆ ತಳದ ತೊಗಲು ಒಂದು ಗೇಣು ಬಿರಿದಿತ್ತು. ಹೊಲಿಸಲು ಹೋಗಿದ್ದರೆ ನಾಲ್ಕು ದಿನದ ಕೆಲಸ. ಆದರೆ ಹೊಲಿಸಿದರೆ ಬಿಳಿಯ ದಾರ ಬೀಳುತ್ತದೆ.

ಅವಳು ಹೊಲಿಸಲಿಲ್ಲ. ಮನೆಯಲ್ಲಿಯೇ ಒಲೆ ಹೊತ್ತಿಸಿದಳು. ತೊಗಲಿನ ಚೂರನ್ನು ಕುಟ್ಟಿ ಪುಡಿಮಾಡಿದಳು. ರಾಳ ಕರಗಿಸಿದಳು, ಮೇಣ ಬೆರೆಸಿದಳು. ಹೆಬ್ಬೆರಳಿನಿಂದ ಬಿರುಕಿಗೆ ಒತ್ತಿದಳು.

 ಪಂಪಾವತಿ ಅಜ್ಜನವರ ಮುಖ ನೋಡಿದಳು. ಅವರು ಹೊರಗಿನ ಬೇವಿನ ಮರ ನೋಡುತ್ತಿದ್ದರು. ರಾಳ, ಮೇಣ ಯಾರ ಮನೆಯಲ್ಲಿಲ್ಲ ಎಂದು ಅವಳು ಸಮಾಧಾನ ತಂದುಕೊಂಡಳು. ಹೆಬ್ಬೆರಳನ್ನು ಮಾತ್ರ ಸೆರಗಿನೊಳಗೆ ಇನ್ನಷ್ಟು ಒಳಕ್ಕೆ ಎಳೆದುಕೊಂಡಳು.

ಆಗ ಗವಿಸಿದ್ದಪ್ಪ ಪಡಸಾಲೆಯ ಮೆಟ್ಟಿಲ ಬಳಿ ಬಂದು ನಿಂತ.

"ಅಕ್ಕಾರ, ಉಗ್ರಾಣದ ಬೀಗದಕೈ ಕೊಡ್ರಿ. ಹುಲುಗಪ್ಪ ಪಟ್ಟಿ ಕೇಳಾಕತ್ತಾನ."

"ಇನ್ನೂ ಹೊತ್ತಿದೆಯಲ್ಲ" ಎಂದಳು ಪಂಪಾವತಿ. ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿಸಿತು.

"ಒಂದ್ಸಲ ಸವರಿ ನೋಡಬೇಕಂತರಿ. ಬಾವಿಗೆ ಇಳಿಯೋರ ಪದ್ಧತಿ ಅದು, ಬಿರುಕಿದ್ರ ಹೆಬ್ಬೆಟ್ಟಿಗೆ ಹತ್ತತೈತಂತ. ನಾ ಅಂದೆ, ಏ ಹುಚ್ಚಪ್ಪಾ, ಅದು ಅಕ್ಕಾರ ಉಗ್ರಾಣದ್ದು. ಚಾಪಿ ಅಲ್ಲ ಅದು, ನನ್ನ ಕೈಯಾಗ ಇದ್ದದ್ದಲ್ಲ."

ಅವನು ನಕ್ಕ. ಆ ನಗುವಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವಳು ಸೊಂಟದಿಂದ ಬೀಗದಕೈ ಬಿಚ್ಚಿ ಎಡಗೈಯಿಂದ ಕೊಟ್ಟಳು. ಎಡಗೈಯಿಂದ ಕೊಡುವುದು ಅವಳ ಪದ್ಧತಿಯಲ್ಲ. ಗವಿಸಿದ್ದಪ್ಪ ಕೈಯನ್ನೊಮ್ಮೆ ನೋಡಿ ಹೋದ.

ಅಜ್ಜನವರು ಅವನು ಮರೆಯಾಗುವವರೆಗೆ ಕಾದು ಮುಂದುವರಿಸಿದರು.

ಮರುದಿನ ಕಡವಿಗೆ ನಿಶ್ಚಿತಾರ್ಥದ ದಿಬ್ಬಣ ಬಂದಿತು. ಹನ್ನೆರಡು ಮಂದಿ. ಅವರಲ್ಲಿ ಒಬ್ಬ ವ್ಯಾಪಾರಿ ಹುಡುಗನ ಸೋದರಮಾವ, ಒಬ್ಬ ಮುದುಕಿ ಹುಡುಗನ ಮುತ್ತಜ್ಜಿ. ಮೇಲೆ ಎಲ್ಲಿಯೋ ಮಳೆಯಾಗಿ ಹೊಳೆಯ ನೀರು ಏರಿತ್ತು. ದಿಬ್ಬಣದವರು ಆರು ಹರಿಗೋಲುಗಳನ್ನು ಬಿಟ್ಟು ತೇಪೆಯಿಲ್ಲದ ಹರಿಗೋಲಿನ ಬಳಿಗೇ ಬಂದರು.

ಮುದುಕಿ ಬಗ್ಗಿ ತೊಗಲನ್ನು ಸವರಿ ಹೇಳಿದಳು: "ಒಂದ ಒಂದು ತೇಪಿನೂ ಇಲ್ಲಲ್ಲವ್ವಾ! ನನ್ನ ಮಾರಿ ನೋಡು, ಬರೇ ತೇಪಿನ."

ಎಲ್ಲರೂ ನಕ್ಕರು. ಅಂಬಿಗಿತ್ತಿ ನಗಲಿಲ್ಲ. "ಇವತ್ತು ಆರು ಮಂದಿ ಮಾತ್ರ ಹತ್ತರಿ" ಎಂದಳು.

"ಯಾಕವ್ವಾ?" ಎಂದ ವ್ಯಾಪಾರಿ. "ತೇಪಿ ಎಲ್ಲೈತಿ ತೋರಸು. ತೋರಿಸಿದ್ರ ಮೊದಲು ನಾನ ಈ ದಂಡ್ಯಾಗ ಉಳಿತೀನಿ."

ಅವಳಿಗೆ ತೋರಿಸಲು ಏನೂ ಇರಲಿಲ್ಲ. ಬಿಳಿಯ ದಾರವಿದ್ದಿದ್ದರೆ ಅದು ತಾನಾಗಿಯೇ ಹೇಳುತ್ತಿತ್ತು. ಅದರ ಬಾಯಿಯನ್ನು ಅವಳೇ ರಾಳದಿಂದ ಮುಚ್ಚಿದ್ದಳು. ಈಗ ತಾನು ಬಾಯಿಬಿಟ್ಟರೆ ಬಿರುಕಿಗಿಂತ ದೊಡ್ಡದೊಂದು ಹೊರಗೆ ಬರುತ್ತಿತ್ತು. ಅವಳು ಹರಿಗೋಲನ್ನು ದಡಕ್ಕೆ ಒತ್ತಿ ಹಿಡಿದಳು. ಹನ್ನೆರಡು ಮಂದಿಯೂ ಹತ್ತಿದರು.

ಅವಳು ಒಂದು ಕೆಲಸ ಮಾಡಿದಳು. ತುಂಬಿದ ಬಿರುಕಿನ ಮೇಲೆಯೇ ತನ್ನ ಗೋಣಿಚೀಲವನ್ನು ಮಡಿಸಿ ಹಾಸಿ, ಅದರ ಮೇಲೆ ಕುಳಿತು ಹುಟ್ಟು ಹಾಕಿದಳು. ನೀರು ಬಂದರೆ ಮೊದಲು ತನಗೆ ತಿಳಿಯಲಿ ಎಂದು.

ಹೊಳೆಯ ಕಾಲುಭಾಗ ಕಳೆಯಿತು. ಗೋಣಿ ಒಣಗಿತ್ತು. ಅವಳ ಉಸಿರು ಹಗುರಾಯಿತು. ಸುಮ್ಮನೆ ಹೆದರಿದೆ ಎಂದುಕೊಂಡಳು.

ತೊಗಲು ಸತ್ತ ಮೇಲೂ ಒಂದು ಗುಣ ಬಿಡುವುದಿಲ್ಲ. ನೀರು ಕುಡಿದರೆ ಹಿಗ್ಗುತ್ತದೆ. ಬಿಸಿಲು ಕಂಡರೆ ಕುಗ್ಗುತ್ತದೆ. ಭಾರ ಬಿದ್ದರೆ ಬಾಗುತ್ತದೆ. ಅದಕ್ಕೆ ತುಂಬಿದ ರಾಳ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ, ಬಾಗುವುದೂ ಇಲ್ಲ. ಒಲೆಯ ಮುಂದೆ ಎರಡೂ ಒಂದಾಗಿದ್ದವು. ಹೊಳೆಯಲ್ಲಿ ಬೇರೆಯಾದವು.

ನಡುಹೊಳೆಗೆ ಬಂದಾಗ ಗೋಣಿ ತಣ್ಣಗಾಯಿತು. ಆಮೇಲೆ ಒದ್ದೆಯಾಯಿತು. ಅವಳು ತನ್ನ ಭಾರವನ್ನೆಲ್ಲ ಅದರ ಮೇಲೆ ಊರಿ ಕುಳಿತಳು. ಒತ್ತಿ ಕುಳಿತಷ್ಟು ಹೊತ್ತು ನೀರು ಜಿನುಗುತ್ತಿತ್ತು, ನುಗ್ಗುತ್ತಿರಲಿಲ್ಲ.

ಮುಂದೆ ಸೆಳವು. ಅದರ ಕೆಳಗೆ ಬಂಡೆಗಳ ಸಾಲು. ಆ ಸೆಳವಿನಲ್ಲಿ ಕುಳಿತು ಹುಟ್ಟು ಹಾಕಿದರೆ ಹರಿಗೋಲು ಕೇಳುವುದಿಲ್ಲ. ಮೊಣಕಾಲ ಮೇಲೆ ಎದ್ದು, ಮೈಯ ಬಲವನ್ನೆಲ್ಲ ಹುಟ್ಟಿಗೆ ಕೊಡಬೇಕು. ಎದ್ದರೆ ನೀರು ನುಗ್ಗುತ್ತದೆ. ಕುಳಿತರೆ ಬಂಡೆ.

ಅವಳು ಕುಳಿತೇ ಇದ್ದಳು. ಹರಿಗೋಲು ತಿರುಗತೊಡಗಿತು.

"ಏನವ್ವಾ, ನಮ್ಮನ್ನ ದಾಟಸ್ತೀಯೋ, ಗಾಣದೆತ್ತಿನಂಗ ತಿರಗಸ್ತೀಯೋ?" ಎಂದ ವ್ಯಾಪಾರಿ. ಹೆಂಗಸರು ನಕ್ಕರು. ಹುಡುಗಿಗೆಂದು ಒಯ್ಯುತ್ತಿದ್ದ ಸೀರೆಯ ಬುಟ್ಟಿಯನ್ನು ಒಬ್ಬಳು ತಲೆಯ ಮೇಲಿಟ್ಟುಕೊಂಡು ತಾನೇ ಮದುಮಗಳೆಂದಳು. ಹರಿಗೋಲು ಎರಡನೆಯ ಸುತ್ತು ತಿರುಗಿತು. ಈಗ ಯಾರೂ ನಗಲಿಲ್ಲ. ಬಂಡೆಗೆ ನೀರು ಬಡಿಯುವ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು.

ಅಜ್ಜನವರು ಮಾತು ನಿಲ್ಲಿಸಿ ತಂಬಿಗೆಯ ನೀರು ಕುಡಿದರು. ಆ ನಿಶ್ಶಬ್ದದಲ್ಲಿ ಬಾವಿಯ ಕಡೆಯಿಂದ ರಾಟೆಯ ಕಿರುಗುಟ್ಟುವಿಕೆ ಕೇಳಿಸಿತು. ಅದರ ಹಿಂದೆಯೇ ಹುಲುಗಪ್ಪನ ದನಿ.

"ನುಣ್ಣಗೈತಿ ಬಿಡಪ್ಪಾ! ಹೆಬ್ಬೆಟ್ಟು ಎಲ್ಲೂ ಹತ್ತವಲ್ದು. ಹೊಸಾದೂ ಇಷ್ಟು ನುಣ್ಣಗಿರಂಗಿಲ್ಲ!"

 ಎರಡು ಕೊಡ ನೀರು ತಡೆದಿತ್ತು, ಎಂದು ಪಂಪಾವತಿ ಮನಸ್ಸಿನಲ್ಲೇ ಹೇಳಿಕೊಂಡಳು. ಆದರೆ ಕೊಡಗಳು ಅಲುಗದೆ ತೂಗಿದ್ದವು. ಹುಲುಗಪ್ಪ ಬಾವಿಯ ಗೋಡೆಗೆ ಕಾಲು ಕೊಟ್ಟು ಅತ್ತಿತ್ತ ಜೀಕುತ್ತಾನೆ. ಪ್ರತಿ ಜೀಕಿಗೂ ಪಟ್ಟಿ ಕಡಗದ ಬಳಿಯೇ ಬಾಗುತ್ತದೆ. ಇದು ಅವಳಿಗೆ ಶನಿವಾರವೂ ತಿಳಿದಿತ್ತು. ಶನಿವಾರ ಅವಳು ಅದನ್ನು ನೆನೆಯಲಿಲ್ಲ.

"ಅವಳು ಹೇಳಿದಳೇ?" ಎಂದು ಕೇಳಿದಳು.

"ಹೇಳಿದಳು" ಎಂದರು ಅಜ್ಜನವರು.

ಮೂರನೆಯ ಸುತ್ತಿನಲ್ಲಿ ಹೇಳಿದಳು. ತನ್ನ ಪಕ್ಕದಲ್ಲಿದ್ದ ಮುದುಕಿಯ ಮೊಣಕೈ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಅವ್ವಾ, ನಾ ಕುಂತಲ್ಲಿ ತೊಗಲು ಬಿರಿದೈತಿ. ನಾನ ತುಂಬಿ ಮುಚ್ಚಿದ್ದೆ. ಈಗ ನಾ ಏಳಬೇಕು. ನೀ ಬಂದು ಒತ್ತಿ ಕುಂದ್ರು."

ವ್ಯಾಪಾರಿ ಕೈಯೆತ್ತಿದ. ಅಂಬಿಗಿತ್ತಿ ಆ ಏಟನ್ನು ತಡೆಯಲು ಹೋಗಲಿಲ್ಲ. ಆದರೆ ಮುದುಕಿ ಅವನ ಕೈಗೂ ಅವಳಿಗೂ ನಡುವೆ ತೆವಳಿ ಬಂದಿದ್ದಳು. "ಹೊಡಿಯೋದು ದಂಡ್ಯಾಗ ಹೊಡಿ" ಎಂದಳು. ಆಮೇಲೆ ಅಂಬಿಗಿತ್ತಿಯ ಕಡೆ ತಿರುಗಿ, "ಕುಂದ್ರೋ ಕೆಲಸ ಹೌದಲ್ಲವ್ವಾ? ಎಂಬತ್ತು ವರ್ಷದಿಂದ ಅದನ್ನ ಮಾಡ್ಕೋತ ಬಂದೀನಿ. ಅತ್ತಾಗ ಸರಿ" ಎಂದಳು.

ಮುದುಕಿ ಗೋಣಿಯ ಮೇಲೆ ಕುಳಿತಳು. ಅಂಬಿಗಿತ್ತಿ ಮೊಣಕಾಲ ಮೇಲೆ ಎದ್ದಳು. ಬೈಯುತ್ತಲೇ ವ್ಯಾಪಾರಿ ತನ್ನ ರುಮಾಲು ಬಿಚ್ಚಿ ಮುದುಕಿಯ ಸುತ್ತ ತುರುಕಿದ. ಹೆಂಗಸರು ಬುಟ್ಟಿಯಿಂದ ಸೀರೆ ತೆಗೆದಿಟ್ಟು ಬುಟ್ಟಿಯಲ್ಲಿಯೇ ನೀರು ಮೊಗೆದರು. ಬುಟ್ಟಿಯಲ್ಲಿ ಅರ್ಧ ನೀರು ಸೋರುತ್ತಿತ್ತು, ಅರ್ಧ ಹೊಳೆಗೆ ಹೋಗುತ್ತಿತ್ತು. ಹರಿಗೋಲು ಕೊನೆಯ ಬಂಡೆಗೆ ಒಂದು ಮಾರು ದೂರದಲ್ಲಿ ದಂಡೆಯ ಕೆಸರಿಗೆ ತಗುಲಿತು.

ಹನ್ನೆರಡು ಮಂದಿಯೂ ಇಳಿದರು. ವ್ಯಾಪಾರಿ ಮತ್ತೆ ಎಂದೂ ಆ ಹರಿಗೋಲು ಹತ್ತಲಿಲ್ಲ. ಅಂಬಿಗಿತ್ತಿ ಅಂದೇ ರಾಳವನ್ನೆಲ್ಲ ಕೆತ್ತಿ ತೆಗೆಸಿ, ನಾಲ್ಕು ದಿನ ಕಾದು ಗೇಣುದ್ದದ ತೇಪೆಯನ್ನು ಎರಡು ಸಾಲು ಬಿಳಿಯ ದಾರದಿಂದ ಹೊಲಿಸಿದಳು. ಮುದುಕಿ ಮಾತ್ರ ಬದುಕಿರುವವರೆಗೆ ಬೇರೆಯವರ ಹರಿಗೋಲು ಹತ್ತಲಿಲ್ಲ. ಯಾಕೆಂದು ಕೇಳಿದವರಿಗೆ, "ಉಳಿದವರದು ಎಲ್ಲಿ ಬಿರಿದೈತೋ ನನಗ ಗೊತ್ತಿಲ್ಲ, ಇದರದು ಗೊತ್ತೈತಿ" ಎನ್ನುತ್ತಿದ್ದಳು.

ಕತೆ ಅಲ್ಲಿಗೆ ಮುಗಿಯಿತು.  ಯಾರೂ ಸಾಯಲಿಲ್ಲ, ಎಂದುಕೊಂಡಳು ಪಂಪಾವತಿ. ಅಂಬಿಗಿತ್ತಿ ಹೊಲಿಸದೆ ಇದ್ದಳು, ಮುಚ್ಚಿಟ್ಟಳು, ಜನರನ್ನು ಹತ್ತಿಸಿಕೊಂಡಳು. ಆದರೂ ಬೇಕಾದ ಹೊತ್ತಿಗೆ ಬಾಯಿಬಿಟ್ಟಳು, ಎಲ್ಲರೂ ದಡ ಮುಟ್ಟಿದರು. ಪಂಪಾವತಿಗೆ ಇದರಲ್ಲಿ ಒಂದು ದಾರಿ ಕಂಡಿತು. ತಾನೂ ಬಾವಿಯ ಕಟ್ಟೆಯ ಬಳಿ ನಿಲ್ಲಬಹುದು, ಪಟ್ಟಿಯ ಮೇಲೆ ಕಣ್ಣಿಡಬಹುದು. ತುಂಬಿದ್ದು ಒಂದಿಷ್ಟು ಬಿರಿದರೂ ಕೂಗಿ, ಹುಲುಗಪ್ಪನನ್ನು ಮೇಲಕ್ಕೆ ಎಳೆಸಬಹುದು. ಬಿರಿಯದಿದ್ದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ನಾಳೆ ತಾನೇ ಹೋಗಿ ಹೊಸ ಪಟ್ಟಿ ಮಾಡಿಸಿದರಾಯಿತು.

"ಹಾಗಾದರೆ ಅಜ್ಜನವರೇ," ಎಂದಳು, ಪ್ರತಿ ಪದವನ್ನೂ ಎಚ್ಚರದಿಂದ ಇಡುತ್ತ, "ಬಿರುಕು ಬಾಯಿಬಿಡುವ ಹೊತ್ತಿಗೆ ಹೇಳಿದರೂ ಸಾಕು. ಅಲ್ಲವೇ? ಅವಳು ನಡುಹೊಳೆಯಲ್ಲಿ ಹೇಳಿದಳು. ಹೇಳಿದ್ದರಿಂದ ಎಲ್ಲರೂ ಉಳಿದರು."

ಅಜ್ಜನವರು ಅವಳ ಸೆರಗಿನ ಕಡೆ ನೋಡಿದರು. ಹೆಬ್ಬೆರಳು ಅದರೊಳಗಿತ್ತು.

"ಅವಳು ತಾನು ತುಂಬಿದ ಬಿರುಕಿನ ಮೇಲೆ ತಾನೇ ಕುಳಿತಿದ್ದಳು, ತಂಗೀ. ನೀನು ತುಂಬಿದ್ದರ ಮೇಲೆ ಕೂರುವವರು ಯಾರು?"

 ಬಾವಿಯ ಕಡೆಯಿಂದ "ಹಗ್ಗ ತರ್ರಿ" ಎಂಬ ಕೂಗು ಕೇಳಿಸಿತು. ಪಂಪಾವತಿ ಎದ್ದಳು. ಕೈಯನ್ನು ಸೆರಗಿನಿಂದ ಹೊರಗೆ ತೆಗೆದಳು. ಅಡುಗೆಮನೆಯ ಕತ್ತಿ ತೆಗೆದುಕೊಂಡು ಹೋಗಿ, ಪಟ್ಟಿಯನ್ನು ಕಡಗದ ಬಳಿ ಎಲ್ಲರೆದುರು ಎರಡಾಗಿ ಕತ್ತರಿಸುವುದೆಂದು, ಕತ್ತರಿಸುವ ಕಾರಣವನ್ನು ಮೊದಲು ಗವಿಸಿದ್ದಪ್ಪನಿಗೆ ಹೇಳುವುದೆಂದು ಅವಳು ನಿರ್ಧರಿಸಿದಳು.